ನೆಲಕ್ಕೆ ನೆಲ: ಭದ್ರಾ ಅಭಯಾರಣ್ಯದ ಭೂವಿನಿಮಯ

1. ಸಾಟಿ ಎಂಬ ಮಾತು

ಕೊಡುವುದು, ಕೊಳ್ಳುವುದು ಎಂಬ ಎರಡು ಕ್ರಿಯೆಗಳ ಮೇಲೆ ಲೋಕವ್ಯವಹಾರವೆಲ್ಲ ನಿಂತಿದೆ. ಒಂದನ್ನು ಕೊಟ್ಟು ಅದಕ್ಕೆ ಪ್ರತಿಯಾಗಿ ಮತ್ತೊಂದನ್ನು ಪಡೆಯುವುದಕ್ಕೆ ಸಂಸ್ಕೃತದಲ್ಲಿ ವಿನಿಮಯವೆಂದು ಹೆಸರು. 'ಮೇ' ಎಂಬ ಧಾತುವಿಗೆ 'ವಿ', 'ನಿ' ಎಂಬ ಉಪಸರ್ಗಗಳು ಸೇರಿ ಈ ಶಬ್ದವು ಸಿದ್ಧಿಸಿದೆ. ಕನ್ನಡದಲ್ಲಿ ಇದಕ್ಕೆ ಅದಲುಬದಲು, ಸಾಟಿ ಎಂಬ ಮಾತುಗಳುಂಟು. ಇವುಗಳಲ್ಲಿ ಸಾಟಿ ಎಂಬ ಮಾತು ವಿಶೇಷವಾಗಿ ವಿಚಾರಾರ್ಹವಾದುದು. ಸಾಟಿಯೆಂದರೆ ವಿನಿಮಯವೂ ಹೌದು, ಸಮಾನವೆಂಬ ಅರ್ಥವೂ ಹೌದು. ಕೊಟ್ಟ ವಸ್ತುವಿಗೂ ಪಡೆದ ವಸ್ತುವಿಗೂ ಸಮತ್ವವಿದ್ದರೆ ಮಾತ್ರ ಅದು ಸಾಟಿ. ಇಲ್ಲದಿದ್ದರೆ ಒಬ್ಬನಿಗೆ ಲಾಭ, ಮತ್ತೊಬ್ಬನಿಗೆ ಮೋಸ. ಒಂದೇ ಪದದಲ್ಲಿ ವ್ಯವಹಾರವನ್ನೂ ಅದರ ಧರ್ಮವನ್ನೂ ಕನ್ನಡಿಗರು ಅಡಗಿಸಿಟ್ಟಿದ್ದಾರೆ.

ಧಾನ್ಯವನ್ನು ಕೊಟ್ಟು ಉಪ್ಪನ್ನು ಕೊಳ್ಳುವಾಗ ಸಾಟಿಯನ್ನು ಗೊತ್ತುಮಾಡುವುದು ಕಷ್ಟವಲ್ಲ. ಅದಕ್ಕೆ ಸೇರು ಬಳ್ಳಗಳಿವೆ, ತಕ್ಕಡಿಯಿದೆ. ನೆಲವನ್ನು ಕೊಟ್ಟು ನೆಲವನ್ನು ಕೊಳ್ಳುವ ಕಾರ್ಯ ಹಾಗಲ್ಲ. ನೆಲವನ್ನು ಹೊತ್ತು ಸಂತೆಗೆ ತರಲಾಗದು. ಒಂದು ಎಕರೆ ಮತ್ತೊಂದು ಎಕರೆಯಂತಿರುವುದಿಲ್ಲ. ಒಂದರಲ್ಲಿ ನೀರಿದ್ದರೆ ಇನ್ನೊಂದರಲ್ಲಿ ಕಲ್ಲಿರುತ್ತದೆ. ಒಂದು ಊರಿಗೆ ಹತ್ತಿರ, ಇನ್ನೊಂದು ದೂರ. ಬರಿಯ ಅಳತೆಯಿಂದ ನೆಲದ ಬೆಲೆಯನ್ನು ತಿಳಿಯುವುದು ಅಸಾಧ್ಯ.

ಪೂರ್ವಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡ ನಾಡಿನ ಶಾಸನಗಳಲ್ಲಿ ಭೂದಾನದ ವಿವರಗಳನ್ನು ಓದಿದವರಿಗೆ ನಾಲ್ಕು ಸಂಗತಿಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಮೊದಲನೆಯದು ಅಳತೆ. ಇಷ್ಟು ಮತ್ತರು, ಇಷ್ಟು ಕಮ್ಮವೆಂದು ಹೇಳುವುದಲ್ಲದೆ ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಅನೇಕ ಶಾಸನಗಳು ಹೇಳುತ್ತವೆ. ಬಳ್ಳಿಗಾವೆಯ ಶಾಸನಗಳಲ್ಲಿ ಬರುವ ಭೇರುಂಡ ಗಳೆ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಎರಡನೆಯದು ಗುಣ. ಕೊಟ್ಟದ್ದು ಗದ್ದೆಯೋ, ಬೆದ್ದಲೋ, ತೋಟವೋ, ಎರೆಯ ನೆಲವೋ ಎಂಬುದನ್ನು ಬಿಡಿಸಿ ಹೇಳುವುದು ಶಾಸನಗಳ ಪದ್ಧತಿ. ಮೂರನೆಯದು ಎಲ್ಲೆ. ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಕೆರೆ, ಪಡುವಲಿಗೆ ಯಾವ ಮರ, ಬಡಗಲಿಗೆ ಯಾವ ಹಳ್ಳ ಎಂದು ನಾಲ್ಕು ದಿಕ್ಕಿನ ಗಡಿಯನ್ನು ಗುರುತಿಸುವುದು. ನಾಲ್ಕನೆಯದು ಕಾಪು. ಒಮ್ಮೆ ಕೊಟ್ಟ ನೆಲವನ್ನು ಮುಂದೆ ಬರುವವರು ಕಿತ್ತುಕೊಳ್ಳಬಾರದೆಂಬ ಉದ್ದೇಶದಿಂದ ಕಡೆಯಲ್ಲಿ ಬರೆಯಿಸುವ ಶಾಪವಾಕ್ಯ.

ಅಳತೆ, ಗುಣ, ಎಲ್ಲೆ, ಕಾಪು ಎಂಬ ಈ ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡು, ಕರ್ನಾಟಕದಲ್ಲಿಯೇ ನಡೆದ ಒಂದು ದೊಡ್ಡ ಭೂವಿನಿಮಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಲ್ಲಿ ಒಂದು ಪಕ್ಷದಲ್ಲಿ ನಿಂತವರು ನೂರಾರು ರೈತ ಕುಟುಂಬಗಳು. ಮತ್ತೊಂದು ಪಕ್ಷದಲ್ಲಿ ಮಾತು ಬಾರದ ಹುಲಿ, ಆನೆ, ಕಾಟಿಗಳು. ಇಬ್ಬರ ನಡುವೆ ನಿಂತದ್ದು ಜಿಲ್ಲೆಯ ಆಡಳಿತ.

2. ಭದ್ರೆಯ ಸೀಮೆ

ಭದ್ರಾ ನದಿಯು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರುಗಳನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ವಿಶಾಲವಾದ ಜಲರಾಶಿಯಾಗಿ ನಿಂತು, ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಈ ಜಲರಾಶಿಗೂ ಬಾಬಾಬುಡನ್ ಗಿರಿಶ್ರೇಣಿಗೂ ನಡುವೆ, ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಹಬ್ಬಿಕೊಂಡಿರುವುದೇ ಭದ್ರಾ ಅರಣ್ಯ. ತೇಗ, ಹೊನ್ನೆ, ಮತ್ತಿ, ನಂದಿ, ಬಿದಿರುಗಳಿಂದ ತುಂಬಿದ ಈ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿ, ಆನೆ, ಕಾಟಿ, ಕಡವೆ, ಜಿಂಕೆ, ಕೆಂಜಳಿಲು ಮೊದಲಾದ ಪ್ರಾಣಿಗಳು ವಾಸಿಸುತ್ತವೆ. ಇವುಗಳಲ್ಲಿ ಹುಲಿ ಮತ್ತು ಏಷ್ಯದ ಆನೆ ಜಗತ್ತಿನಲ್ಲಿಯೇ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳೆಂದು ಪರಿಗಣಿತವಾಗಿವೆ.

1951ರಲ್ಲಿ ಅಂದಿನ ಮೈಸೂರು ಸರ್ಕಾರವು ಜಾಗರ ಕಣಿವೆಯನ್ನು ವನ್ಯಜೀವಿಗಳ ರಕ್ಷಣೆಗೆಂದು ಮೀಸಲಾಗಿಸಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳನ್ನೂ ಅದಕ್ಕೆ ಸೇರಿಸಿ ಭದ್ರಾ ಅಭಯಾರಣ್ಯವೆಂದು ನಾಮಕರಣ ಮಾಡಲಾಯಿತು. ಇದರ ವಿಸ್ತೀರ್ಣ ಸುಮಾರು 500 ಚದರ ಕಿಲೋಮೀಟರು. 1998ರಲ್ಲಿ ಇದು ಕೇಂದ್ರ ಸರ್ಕಾರದ ಹುಲಿ ಯೋಜನೆಯೊಳಕ್ಕೆ ಸೇರಿತು.

ಕಾಗದದ ಮೇಲೆ ಕಾಡಿನ ಎಲ್ಲೆ ಹೀಗೆ ನಿಗದಿಯಾದರೂ ಅದರ ಒಳಗೆ ಮನುಷ್ಯರಿದ್ದರು. ಹಿಪ್ಲ, ಕೆಸವೆ, ಮಾಡ್ಲ, ಕರ್ವಾನಿ ಮೊದಲಾದ ಹತ್ತಕ್ಕೂ ಹೆಚ್ಚಿನ ಹಳ್ಳಿಗಳು ಅಭಯಾರಣ್ಯದ ಮಡಿಲಿನಲ್ಲಿದ್ದವು. ಕಣಿವೆಗಳ ತಗ್ಗಿನಲ್ಲಿ ಭತ್ತದ ಗದ್ದೆ, ಇಳುಕಲಿನಲ್ಲಿ ಕಾಫಿ, ಅಡಕೆ. ಸುತ್ತಲೂ ದಟ್ಟವಾದ ಕಾಡು. ಅಲ್ಲಿನ ಜನರು ನಿನ್ನೆ ಮೊನ್ನೆ ಬಂದು ಕಾಡನ್ನು ಕಡಿದು ಕುಳಿತವರೆಂದು ತಿಳಿಯಬಾರದು. ತಲೆಮಾರುಗಳಿಂದ ಉತ್ತು ಬಿತ್ತಿದವರು, ತಮ್ಮ ದೇವರನ್ನೂ ಹಿರಿಯರ ಗೋರಿಗಳನ್ನೂ ಅಲ್ಲಿಯೇ ಉಳ್ಳವರು ಅವರಲ್ಲಿದ್ದರು. ಕಾಡು ಅಭಯಾರಣ್ಯವಾದುದು ಅವರು ಅಲ್ಲಿ ನೆಲೆಯೂರಿದ ತರುವಾಯ.

3. ಇಬ್ಬರ ಸಂಕಟ

ಹುಲಿಯೊಂದು ಬದುಕಬೇಕಾದರೆ ಅದಕ್ಕೆ ವರ್ಷಕ್ಕೆ ಜಿಂಕೆ, ಕಡವೆಗಳಂತಹ ಸುಮಾರು 50 ಪ್ರಾಣಿಗಳು ಆಹಾರವಾಗಿ ಬೇಕು. ವರ್ಷವರ್ಷವೂ ಇಷ್ಟನ್ನು ಕೊಟ್ಟು ತಾನೂ ಕುಗ್ಗದೆ ಉಳಿಯಬಲ್ಲ ಹಿಂಡು ಸುಮಾರು 500 ಪ್ರಾಣಿಗಳಷ್ಟಿರಬೇಕೆಂದು ವನ್ಯಜೀವಿಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ಆ 500 ಪ್ರಾಣಿಗಳಿಗೆ ಹುಲ್ಲು ಬೇಕು, ನೀರು ಬೇಕು, ಮರಿಗಳನ್ನು ಸಾಕಲು ಸದ್ದಿಲ್ಲದ ತಾಣ ಬೇಕು. ಹುಲಿಯನ್ನು ಉಳಿಸುವುದೆಂದರೆ ಹುಲಿಯನ್ನು ಕಾಯುವುದಷ್ಟೇ ಅಲ್ಲ, ಹುಲ್ಲನ್ನು ಕಾಯುವುದೂ ಹೌದು.

ಕಣಿವೆಯ ತಗ್ಗುಪ್ರದೇಶವೇ ಕಾಡಿನಲ್ಲೆಲ್ಲ ಫಲವತ್ತಾದ ಭಾಗ. ಮಳೆಗಾಲ ಕಳೆದ ಮೇಲೂ ಅಲ್ಲಿ ಪಸೆಯಿರುತ್ತದೆ, ಹಸಿರಿರುತ್ತದೆ. ಮೃಗಗಳಿಗೆ ಅತ್ಯಗತ್ಯವಾದ ಸ್ಥಳ ಅದೇ. ರೈತನು ಗದ್ದೆ ಮಾಡಲು ಆರಿಸಿಕೊಳ್ಳುವುದೂ ಅದನ್ನೇ. ಆದುದರಿಂದ ಕಾಡಿನ ನಡುವಣ ಹಳ್ಳಿಯು ವಿಸ್ತೀರ್ಣದಲ್ಲಿ ಚಿಕ್ಕದಾಗಿ ಕಂಡರೂ ಅದರ ಪರಿಣಾಮ ಚಿಕ್ಕದಲ್ಲ. ದನಕರುಗಳು ಮೇಯುವ ದೂರ, ಸೌದೆಗೆ ಹೋಗುವ ದಾರಿ, ನಾಯಿಗಳು ತಿರುಗುವ ಸುತ್ತು, ಇವೆಲ್ಲವನ್ನೂ ಸೇರಿಸಿದರೆ ನೂರು ಎಕರೆಯ ಹಳ್ಳಿ ಅದರ ಹಲವು ಪಟ್ಟು ಕಾಡನ್ನು ತನ್ನ ನೆರಳಿನಲ್ಲಿ ಇಟ್ಟುಕೊಂಡಿರುತ್ತದೆ.

ಇದು ಮೃಗಗಳ ಸಂಕಟ. ಮನುಷ್ಯರ ಸಂಕಟವೂ ಇದಕ್ಕಿಂತ ಕಡಮೆಯದಾಗಿರಲಿಲ್ಲ. ಭದ್ರಾ ಅರಣ್ಯದ ಒಳಗಿನ ಹಳ್ಳಿಗಳಲ್ಲಿ ಎಂ. ಡಿ. ಮಧುಸೂದನ್ ಅವರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಸಂಕಟವನ್ನು ಅಂಕಿಗಳಲ್ಲಿ ತೋರಿಸಿದೆ. ಆ ಹಳ್ಳಿಗಳ ಕುಟುಂಬಗಳು ತಮ್ಮ ಜಾನುವಾರುಗಳಲ್ಲಿ ವರ್ಷಕ್ಕೆ ಸುಮಾರು 12ರಷ್ಟು ಶೇಕಡಾ ಭಾಗವನ್ನು ಹುಲಿ ಚಿರತೆಗಳಿಗೆ ಕಳೆದುಕೊಳ್ಳುತ್ತಿದ್ದವು. ಎಂದರೆ ಹೆಚ್ಚು ಕಡಮೆ ಮನೆಗೊಂದು ರಾಸು. ಬೆಳೆದ ಧಾನ್ಯದಲ್ಲಿ ಶೇಕಡಾ 11ರಷ್ಟು, ಎಂದರೆ ಕುಟುಂಬಕ್ಕೆ ಸರಾಸರಿ 0.82 ಟನ್ನು, ಆನೆಗಳ ಪಾಲಾಗುತ್ತಿತ್ತು. ಸರ್ಕಾರದಿಂದ ದೊರೆತ ಪರಿಹಾರವು ಜಾನುವಾರಿನ ನಷ್ಟದಲ್ಲಿ ಶೇಕಡಾ 5ನ್ನೂ ಬೆಳೆಯ ನಷ್ಟದಲ್ಲಿ ಶೇಕಡಾ 14ನ್ನೂ ಮಾತ್ರ ತುಂಬಿಕೊಡುತ್ತಿತ್ತು. ಅದೂ ಬಹುಕಾಲ ಕಾದ ಮೇಲೆ.

ಎಂಟು ಕ್ವಿಂಟಾಲು ಭತ್ತವೆಂದರೆ ಒಂದು ಸಾಮಾನ್ಯ ಕುಟುಂಬದ ಎಷ್ಟು ತಿಂಗಳ ಅನ್ನವೆಂಬುದನ್ನು ರೈತರ ಮಕ್ಕಳಾದ ವಿದ್ಯಾರ್ಥಿಗಳು ತಾವೇ ಎಣಿಸಿ ನೋಡಬಹುದು. ಬೆಳೆ ಕೊಯ್ಲಿಗೆ ಬಂದಾಗ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿದು ಬೆಂಕಿ ಹಾಕಿ ಕಾಯುವ ಶ್ರಮವು ಈ ಲೆಕ್ಕದಲ್ಲಿ ಸೇರಿಲ್ಲ. ಅಭಯಾರಣ್ಯದ ನಿರ್ಬಂಧಗಳ ಕಾರಣದಿಂದ ರಸ್ತೆ, ಆಸ್ಪತ್ರೆ, ಶಾಲೆಗಳ ಸೌಕರ್ಯವೂ ದೂರವೇ ಉಳಿದಿತ್ತು. ಮಳೆಗಾಲದಲ್ಲಿ ಹೆರಿಗೆಯ ನೋವು ಬಂದರೆ ಮಲೆನಾಡಿನ ಒಳಹಳ್ಳಿಯವರ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಹೀಗೆ ಒಂದೇ ನೆಲದ ಮೇಲೆ ಇಬ್ಬರೂ ಇದ್ದು ಇಬ್ಬರೂ ಬಳಲುತ್ತಿದ್ದರು.

4. ಕಾಯಿದೆಯ ಮಾರ್ಗ

ಇಂತಹ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹೇಳುತ್ತದೆ. ಒಂದು ಪ್ರದೇಶವನ್ನು ಅಭಯಾರಣ್ಯವೆಂದು ಸಾರುವಾಗ ಅದರೊಳಗೆ ಯಾರ್ಯಾರಿಗೆ ಯಾವ ಯಾವ ಹಕ್ಕುಗಳಿವೆಯೆಂಬುದನ್ನು ವಿಚಾರಿಸಿ ನಿರ್ಣಯಿಸುವ ಹೊಣೆ ಜಿಲ್ಲಾಧಿಕಾರಿಯದು. ಹಕ್ಕು ಸ್ಥಾಪಿತವಾದರೆ ಅವರ ಮುಂದೆ ಮೂರು ದಾರಿಗಳಿವೆ: ಆ ನೆಲವನ್ನು ಅಭಯಾರಣ್ಯದ ಎಲ್ಲೆಯಿಂದ ಹೊರಗಿಡುವುದು, ಪರಿಹಾರ ಕೊಟ್ಟು ನೆಲವನ್ನು ಸರ್ಕಾರಕ್ಕೆ ಪಡೆಯುವುದು, ಇಲ್ಲವೆ ಹಕ್ಕನ್ನು ಹಾಗೆಯೇ ಮುಂದುವರಿಸಲು ಬಿಡುವುದು. ಪರಿಹಾರವನ್ನು ಯಾವ ರೂಪದಲ್ಲಿ ಕೊಡಬಹುದೆಂಬುದನ್ನು ಆ ಕಾಯಿದೆಯ 25ನೆಯ ಕಲಮು ತಿಳಿಸುತ್ತದೆ. ಉಭಯ ಪಕ್ಷಗಳೂ ಒಪ್ಪಿದರೆ ಪರಿಹಾರವನ್ನು ಹಣವಾಗಿಯಾಗಲಿ, ನೆಲವಾಗಿಯಾಗಲಿ, ಕೆಲವು ಭಾಗ ನೆಲ ಕೆಲವು ಭಾಗ ಹಣವಾಗಿಯಾಗಲಿ ಕೊಡಬಹುದು.

ಇಲ್ಲಿ ಗಮನಿಸಬೇಕಾದ ಮಾತು 'ಒಪ್ಪಿದರೆ' ಎಂಬುದು. ನೆಲಕ್ಕೆ ನೆಲ ಎಂಬ ತತ್ತ್ವವು ಒಪ್ಪಿಗೆಯಿಂದಲೇ ಜೀವಂತವಾಗುತ್ತದೆ. ಒಪ್ಪಿಗೆಯಿಲ್ಲದ ವಿನಿಮಯವು ವಿನಿಮಯವೇ ಅಲ್ಲ, ಅದು ಅಪಹರಣ.

ಸರ್ಕಾರವು ಕೊಡಲು ಬಯಸಿದರೂ ನೆಲವೆಲ್ಲಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಊರಿನ ಗೋಮಾಳವನ್ನು ಕೊಟ್ಟರೆ ಆ ಊರಿನ ದನಗಳಿಗೆ ಮೇವಿಲ್ಲ. ಅರಣ್ಯದ ನೆಲವನ್ನು ಬಿಟ್ಟುಕೊಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಖಾಸಗಿ ನೆಲವನ್ನು ಕೊಳ್ಳಬೇಕಾದರೆ ಹಣ ಬೇಕು. ಕಂದಾಯ, ಅರಣ್ಯ, ನೀರಾವರಿ, ಲೋಕೋಪಯೋಗಿ ಮೊದಲಾದ ಇಲಾಖೆಗಳು ಒಂದೇ ಕಾಲಕ್ಕೆ ಒಂದೇ ಮನಸ್ಸಿನಿಂದ ದುಡಿಯದೆ ಇಂತಹ ಕಾರ್ಯ ಕೈಗೂಡದು. ಭದ್ರಾದ ಹಳ್ಳಿಗಳ ಸ್ಥಳಾಂತರದ ಪ್ರಸ್ತಾವನೆ ಮೊದಲು ಹುಟ್ಟಿದ್ದು 1974ರಲ್ಲಿ. ಅದು ಪೂರ್ಣವಾಗಿ ನೆರವೇರಿದ್ದು 2002ರಲ್ಲಿ. ನಡುವಣ ಕಾಲ ಒಂದು ತಲೆಮಾರಿಗೂ ಮಿಗಿಲಾದುದು. ಇಂದು ಹೋಗಬೇಕೋ ನಾಳೆ ಹೋಗಬೇಕೋ ಎಂದು ತಿಳಿಯದೆ, ಮನೆಯ ಗೋಡೆಯನ್ನು ದುರಸ್ತಿ ಮಾಡಿಸಬೇಕೋ ಬೇಡವೋ ಎಂಬ ತೊಳಲಾಟದಲ್ಲಿ ಒಂದು ಊರು ಅಷ್ಟು ವರ್ಷ ಕಳೆಯುವುದು ಸಾಮಾನ್ಯವಾದ ಕಷ್ಟವಲ್ಲ. ವಿನಿಮಯದಲ್ಲಿ ವಿಳಂಬವೂ ಒಂದು ನಷ್ಟವೆಂಬುದು ಇದರಿಂದ ಸಿದ್ಧವಾಗುತ್ತದೆ.

5. ಕೊಟ್ಟದ್ದು, ಪಡೆದದ್ದು

2001-02ರಲ್ಲಿ ಸ್ಥಳಾಂತರ ಕಾರ್ಯ ನಡೆಯಿತು. ಹೊಸ ನೆಲೆಗಳಾಗಿ ಎರಡು ಸ್ಥಳಗಳು ಗೊತ್ತಾದವು. ಒಂದು, ತರೀಕೆರೆ ತಾಲೂಕಿನ ಎಂ. ಸಿ. ಹಳ್ಳಿ, ಇನ್ನೊಂದು, ಕಾಫಿ ಸೀಮೆಗೆ ಸೇರಿದ ಕೆಳಗೂರು. ಈ ಎರಡು ನೆಲೆಗಳಿಗೆ ಬಂದ 419 ಕುಟುಂಬಗಳನ್ನು ಕುರಿತು ಕೃತಿ ಕಾರಂತ ಅವರು ಅಧ್ಯಯನ ನಡೆಸಿ 2007ರಲ್ಲಿ ಅದನ್ನು ಪ್ರಕಟಿಸಿದ್ದಾರೆ.

ಎರಡು ನೆಲೆಗಳೇಕೆ ಎಂಬ ಪ್ರಶ್ನೆಗೆ ಉತ್ತರವೇ ಈ ವಿನಿಮಯದ ಸಾರವಾಗಿದೆ. ಗದ್ದೆಯ ರೈತನಿಗೆ ನೀರಾವರಿಯ ನೆಲ ಬೇಕು. ಕಾಫಿಯ ರೈತನಿಗೆ ನೆರಳು, ಇಳುಕಲು, ಮಲೆನಾಡಿನ ಹವೆ ಬೇಕು. ಕಾಫಿ ಬೆಳೆದು ಬಲ್ಲವನಿಗೆ ಬಯಲಿನಲ್ಲಿ ಎರಡರಷ್ಟು ನೆಲ ಕೊಟ್ಟರೂ ಅವನ ಕೈಯ ವಿದ್ಯೆ ಅಲ್ಲಿ ವ್ಯರ್ಥವಾಗುತ್ತದೆ. ಎಂ. ಸಿ. ಹಳ್ಳಿಯಲ್ಲಿ ನೀರಾವರಿ ಸೌಕರ್ಯವುಳ್ಳ ಕೃಷಿಭೂಮಿಯೂ ಕೆಳಗೂರಿನಲ್ಲಿ ಕಾಫಿಗೆ ಒಗ್ಗುವ ಭೂಮಿಯೂ ದೊರೆತುದರಿಂದ ಅಳತೆಯ ಸಾಟಿಯ ಜೊತೆಗೆ ಗುಣದ ಸಾಟಿಯೂ ಲಭಿಸಿತು. ಹಿಂದಿನ ಶಾಸನಕಾರನು ಗದ್ದೆ, ಬೆದ್ದಲು, ತೋಟವೆಂದು ವಿಂಗಡಿಸಿ ಬರೆದದ್ದರ ಮರ್ಮ ಇಲ್ಲಿ ಮತ್ತೆ ವ್ಯಕ್ತವಾಗುತ್ತದೆ.

ಅಧ್ಯಯನಕಾರರು ಈ ಕುಟುಂಬಗಳನ್ನು ಒಮ್ಮೆ 2002ರಲ್ಲಿ, ಮತ್ತೊಮ್ಮೆ 2006ರಲ್ಲಿ, ಹೀಗೆ ಎರಡು ಬಾರಿ ಸಂದರ್ಶಿಸಿದರು. ಈ ಕ್ರಮವು ಯೋಗ್ಯವಾದುದು. ಬಂದ ವರ್ಷದ ಮಾತಿಗೂ ನಾಲ್ಕು ಬೆಳೆ ಕೊಯ್ದ ಮೇಲಿನ ಮಾತಿಗೂ ಅಂತರವಿರುತ್ತದೆ. ಒಟ್ಟಿನಲ್ಲಿ ಬಹುಮಂದಿ ಹೊಸ ಬಾಳಿನ ಬಗ್ಗೆ ತೃಪ್ತಿ ಸೂಚಿಸಿದರೆಂದೂ, ಜನರಲ್ಲಿಯೇ ಇದ್ದ ಹೊರಡುವ ಇಚ್ಛೆ, ತಕ್ಕ ಪರಿಹಾರ, ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆಗಳ ಬಿಡದ ಸಹಕಾರ, ಇವುಗಳಿಂದಲೇ ಕಾರ್ಯವು ಸಫಲವಾಯಿತೆಂದೂ ಆ ಅಧ್ಯಯನವು ನಿರ್ಣಯಿಸುತ್ತದೆ. ರಸ್ತೆ, ಶಾಲೆ, ಆಸ್ಪತ್ರೆಗಳು ಸಮೀಪವಾದುವು. ಆನೆಯ ಭಯ ತಗ್ಗಿತು.

ಅತ್ತ ಕಾಡಿನಲ್ಲಿ, ಜನರು ಬಿಟ್ಟುಬಂದ ಗದ್ದೆಗಳು ಹುಲ್ಲುಬಯಲಾಗಿ ಜಿಂಕೆ, ಕಾಟಿಗಳ ಮೇವಿನ ತಾಣಗಳಾದುವು. ಮನುಷ್ಯನು ಆರಿಸಿಕೊಂಡಿದ್ದ ಫಲವತ್ತಾದ ತಗ್ಗು ಮೃಗಗಳಿಗೆ ಮರಳಿತು. ಆದರೆ ಬಿಟ್ಟ ಮಾತ್ರಕ್ಕೆ ನೆಲವು ತಾನಾಗಿಯೇ ಕಾಡಾಗುವುದೆಂದು ಭಾವಿಸಬಾರದು. ಲಂಟಾನ, ಯುಪಟೋರಿಯಂ ಮೊದಲಾದ ಹೊರನಾಡಿನ ಕಳೆಗಳು ಪಾಳುಬಿದ್ದ ನೆಲಕ್ಕೆ ಬೇಗ ನುಗ್ಗುತ್ತವೆ. ಅವು ಹಬ್ಬಿದರೆ ಹುಲ್ಲು ಬೆಳೆಯದು. ಪಡೆದ ನೆಲವನ್ನು ರೈತನು ಹೇಗೆ ಕಳೆ ಕಿತ್ತು ಕಾಪಾಡಬೇಕೋ ಹಾಗೆಯೇ ಸರ್ಕಾರವೂ ತಾನು ಪಡೆದುದನ್ನು ಕಾಪಾಡಬೇಕಾಗುತ್ತದೆ.

ಇನ್ನು ಯಾವ ಗಳೆಗೂ ನಿಲುಕದ ನಷ್ಟಗಳ ವಿಷಯ. ಅಜ್ಜ ನೆಟ್ಟ ಹಲಸಿನ ಮರಕ್ಕೆ ಸಾಟಿಯಾಗುವ ಮರ ಹೊಸ ಊರಿನಲ್ಲಿ ಇಲ್ಲ. ಊರ ದೇವರ ಕಲ್ಲನ್ನು ಹೊತ್ತು ತರಬಹುದು; ಆ ಕಲ್ಲು ನಿಂತಿದ್ದ ಬನವನ್ನು ತರಲಾಗದು. ಕಾಡಿನ ಸೀಗೆ, ಜೇನು, ಕಳಲೆ, ಸೊಪ್ಪು ಇವು ಪುಕ್ಕಟೆಯಾಗಿ ದೊರೆಯುತ್ತಿದ್ದವು. ಬಯಲಿನಲ್ಲಿ ಎಲ್ಲಕ್ಕೂ ಹಣ ಬೇಕು. ಹೊರಟವರಲ್ಲಿ ವೃದ್ಧರಿಗೂ ತರುಣರಿಗೂ ಈ ನಷ್ಟ ಒಂದೇ ಬಗೆಯದಲ್ಲ. ತರುಣನು ಮುಂದೆ ನೋಡುತ್ತಾನೆ, ವೃದ್ಧನು ಹಿಂದೆ ನೋಡುತ್ತಾನೆ. ಇಬ್ಬರದೂ ಸತ್ಯವೇ. ಸಫಲವೆಂದು ಹೇಳಲಾದ ವಿನಿಮಯದಲ್ಲಿಯೂ ತೀರದ ಋಣವೊಂದು ಉಳಿದಿರುತ್ತದೆ ಎಂಬುದನ್ನು ಮರೆಯಲಾಗದು.

6. ಬೇರೆಡೆಯ ಎರಡು ನಿದರ್ಶನಗಳು

ಹಳ್ಳಿಯ ನೆಲವನ್ನಲ್ಲದೆ ಮೃಗಗಳ ದಾರಿಯನ್ನು ಉಳಿಸುವುದಕ್ಕೂ ಈ ಕ್ರಮವನ್ನು ಬಳಸಿದ್ದುಂಟು. ಆನೆಯು ಒಂದೆಡೆ ನಿಲ್ಲುವ ಪ್ರಾಣಿಯಲ್ಲ. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಅದು ಋತುವಿಗೆ ತಕ್ಕಂತೆ ಕಾಡಿನಿಂದ ಕಾಡಿಗೆ ಸಂಚರಿಸುತ್ತದೆ. ಎರಡು ಕಾಡುಗಳ ನಡುವಣ ಕಿರಿದಾದ ಓಣಿ ಮುಚ್ಚಿಹೋದರೆ ಎರಡೂ ಕಾಡುಗಳಿದ್ದೂ ಇಲ್ಲದಂತಾಗುತ್ತವೆ. ಕೊಡಗಿನ ಗಡಿಗೆ ಹೊಂದಿದ ವಯನಾಡಿನ ತಿರುನೆಲ್ಲಿ-ಕುದ್ರಕೋಟೆ ಆನೆದಾರಿಯಲ್ಲಿ ನೆಲೆಸಿದ್ದ ಕೆಲವು ಸಣ್ಣ ಊರುಗಳ ಕುಟುಂಬಗಳಿಗೆ ಭಾರತೀಯ ವನ್ಯಜೀವಿ ಟ್ರಸ್ಟು ಬೇರೆಡೆ ನೆಲವನ್ನೂ ಮನೆಗಳನ್ನೂ ಒದಗಿಸಿ ದಾರಿಯನ್ನು ತೆರವುಗೊಳಿಸಿತು. ಇಲ್ಲಿ ನೆಲದ ಬೆಲೆ ಅದರ ವಿಸ್ತಾರದಲ್ಲಿಲ್ಲ, ಅದು ಇರುವ ಸ್ಥಾನದಲ್ಲಿದೆ. ಬೇರೆಡೆ ಸಾವಿರ ಎಕರೆ ಕಾಡು ಬೆಳೆಸಿದರೂ ಈ ಓಣಿಗೆ ಸಾಟಿಯಾಗದು.

ಇನ್ನೊಂದು ನಿದರ್ಶನ ದೂರದ ಅಮೆರಿಕ ದೇಶದ್ದು. ಅಲ್ಲಿಯ ಯೂಟಾ ರಾಜ್ಯದಲ್ಲಿ ವಾಷಿಂಗ್ಟನ್ ಎಂಬ ಕೌಂಟಿಯಿದೆ; ಕೌಂಟಿಯೆಂದರೆ ಸ್ವಂತ ಆಡಳಿತ ಮಂಡಲಿಯುಳ್ಳ ಜಿಲ್ಲೆಯೆನ್ನಬಹುದು. ಆ ಕೌಂಟಿಯ ಕೆಂಪು ಮರಳಿನ ಮರುಭೂಮಿಯಲ್ಲಿ ವಾಸಿಸುವ ಒಂದು ಜಾತಿಯ ಆಮೆಯು ಅಪಾಯಕ್ಕೊಳಗಾದ ಪ್ರಾಣಿಯೆಂದು 1990ರಲ್ಲಿ ಘೋಷಿತವಾಯಿತು. ಸೇಂಟ್ ಜಾರ್ಜ್ ನಗರವು ವೇಗವಾಗಿ ಬೆಳೆಯುತ್ತ ಅದರ ನೆಲವನ್ನೇ ಆಕ್ರಮಿಸುತ್ತಿತ್ತು. 1996ರಲ್ಲಿ ಕೌಂಟಿಯ ಆಡಳಿತವು ಮುಂದಾಗಿ ಒಂದು ಯೋಜನೆಯನ್ನು ಒಪ್ಪಿಕೊಂಡಿತು. ಸುಮಾರು 62,000 ಎಕರೆ ನೆಲ ಆಮೆಗಳಿಗೆ ಮೀಸಲು. ಅದರ ಹೊರಗೆ ಊರು ಬೆಳೆಯಲು ಅನುಮತಿ. ಮೀಸಲಿನ ಒಳಗೆ ಖಾಸಗಿಯವರಿಗೂ ರಾಜ್ಯಕ್ಕೂ ಸೇರಿದ ತುಂಡುಗಳಿದ್ದುವು. ಒಕ್ಕೂಟ ಸರ್ಕಾರವು ಬೇರೆಡೆ ಇದ್ದ ತನ್ನ ನೆಲವನ್ನು ಅವರಿಗೆ ಕೊಟ್ಟು ಆ ತುಂಡುಗಳನ್ನು ಒಂದೊಂದಾಗಿ ಪಡೆಯತೊಡಗಿತು. 2009ರಲ್ಲಿ ಆ ಸೀಮೆಯ ಬಹುಭಾಗಕ್ಕೆ ಕಾನೂನಿನ ವಿಶೇಷ ರಕ್ಷಣೆಯೂ ದೊರೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಅದೇ ಮೀಸಲು ನೆಲದ ನಡುವೆ ಹೆದ್ದಾರಿಯೊಂದಕ್ಕೆ ಒಕ್ಕೂಟ ಸರ್ಕಾರವು ಅನುಮತಿ ಕೊಟ್ಟಿತು. ಪ್ರತಿಯಾಗಿ ಬೇರೊಂದು ಕಡೆ ಸುಮಾರು 6,800 ಎಕರೆಯನ್ನು ಮೀಸಲಿಗೆ ಸೇರಿಸುವ ಏರ್ಪಾಟಾಯಿತು. ಹಾದಿಗೆ ಹೋಗುವ ನೆಲಕ್ಕಿಂತ ಸೇರುವ ನೆಲ ಎಷ್ಟೋ ಹೆಚ್ಚೆಂದು ಒಂದು ಪಕ್ಷ ವಾದಿಸಿತು. ಒಮ್ಮೆ ಮೀಸಲಾದ ನೆಲದ ನಡುವೆ ರಸ್ತೆ ಸೀಳಿದರೆ ಹೊರಗಿನ ಎಷ್ಟು ಎಕರೆಯೂ ಅದನ್ನು ತುಂಬಲಾರದೆಂದು ಮತ್ತೊಂದು ಪಕ್ಷ ವಾದಿಸಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಕೊನೆಯಲ್ಲಿ ಆ ಅನುಮತಿಯು ರದ್ದಾಯಿತಾದರೂ ವಿವಾದವು ಅಲ್ಲಿಗೆ ನಿಲ್ಲಲಿಲ್ಲ. ಒಮ್ಮೆ ನೆಲಕ್ಕೆ ನೆಲ ಕೊಟ್ಟು ಕಟ್ಟಿದ ಮೀಸಲನ್ನು ಮತ್ತೊಂದು ನೆಲದ ಆಸೆ ತೋರಿಸಿ ಒಡೆಯಬಹುದೇ ಎಂಬುದು ಇಲ್ಲಿನ ಪ್ರಶ್ನೆ. ಅಳತೆ, ಗುಣ, ಎಲ್ಲೆ ಮೂರೂ ಇದ್ದು ಕಾಪು ಸಡಿಲವಾದರೆ ಆಗುವ ಫಲ ಇದು.

7. ಸಾಟಿಯಿಲ್ಲದ ನೆಲ

ಭದ್ರಾದ ನಿದರ್ಶನವನ್ನು ನೋಡಿ, ಕಾಡಿನೊಳಗಿನ ಜನರನ್ನೆಲ್ಲ ಹೀಗೆಯೇ ಹೊರಗೆ ತರಬೇಕೆಂದು ಯಾರಾದರೂ ನಿರ್ಣಯಿಸಿದರೆ ಅದು ದುಡುಕಾದೀತು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಉದಾಹರಣೆ ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ. 1974ರಲ್ಲಿ ಆ ಬೆಟ್ಟವು ಅಭಯಾರಣ್ಯವಾದಾಗ ಒಳಗಾಡಿನ ಪೋಡುಗಳಲ್ಲಿದ್ದ ಅನೇಕ ಸೋಲಿಗರನ್ನು ಎಬ್ಬಿಸಿ ಬೇರೆಡೆ ಕೂಡಿಸಲಾಯಿತು. ಸೋಲಿಗರಿಗೆ ಕಾಡು ಹೊಲದಂತಹ ಆಸ್ತಿಯಲ್ಲ. ಅವರ ದೇವರು, ಕುಲ, ಔಷಧ, ಹಾಡು ಎಲ್ಲವೂ ಆ ಬೆಟ್ಟದ ನಿರ್ದಿಷ್ಟವಾದ ಮರ, ಬಂಡೆ, ಹಳ್ಳಗಳೊಡನೆ ಹೆಣೆದುಕೊಂಡಿವೆ. 2011ರಲ್ಲಿ ಆ ಪ್ರದೇಶವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಅಲ್ಲಿ ಹುಲಿಯೂ ಇದೆ, ಸೋಲಿಗರೂ ಇದ್ದಾರೆ.

ಗದ್ದೆಯ ರೈತನಿಗೆ ಗದ್ದೆಯೇ ಸಾಟಿಯಾಗಬಹುದು. ಬೆಟ್ಟವೇ ಮನೆಯಾದವನಿಗೆ ಯಾವ ಗದ್ದೆ ಸಾಟಿ? ಸಾಟಿಯಾಗುವ ನೆಲವೇ ಇಲ್ಲವೆಂದಾಗ ವಿನಿಮಯದ ಮಾತನ್ನು ಅಲ್ಲಿಗೆ ಬಿಟ್ಟು, ಇಬ್ಬರೂ ಜೊತೆಯಾಗಿ ಬಾಳುವ ಮಾರ್ಗವನ್ನು ಹುಡುಕುವುದೇ ವಿವೇಕ. ಯಾವುದು ಭದ್ರಾ, ಯಾವುದು ಬಿಳಿಗಿರಿ ಎಂಬುದನ್ನು ನಿರ್ಣಯಿಸುವ ಅಧಿಕಾರ ಮೊದಲು ಸಲ್ಲಬೇಕಾದುದು ಅಲ್ಲಿ ಬಾಳುತ್ತಿರುವ ಜನರಿಗೆ.

ಕಾನೂನು ಈಗ ಈ ತತ್ತ್ವವನ್ನು ಅಂಗೀಕರಿಸಿದೆ. 2006ರಲ್ಲಿ ವನ್ಯಜೀವಿ ಕಾಯಿದೆಗೆ ಮಾಡಿದ ತಿದ್ದುಪಡಿಯಂತೆ ಹುಲಿಕಾಡಿನಿಂದ ಜನರ ಸ್ಥಳಾಂತರವು ಸ್ವ ಇಚ್ಛೆಯಿಂದಲೇ ಆಗಬೇಕು. ಅದಕ್ಕೆ ಗ್ರಾಮಸಭೆಯ ಹಾಗೂ ಸಂಬಂಧಪಟ್ಟವರ ಒಪ್ಪಿಗೆ ಬೇಕು. ಅದೇ ವರ್ಷದ ಅರಣ್ಯ ಹಕ್ಕು ಕಾಯಿದೆಯು ಇನ್ನೆರಡು ಮಾತುಗಳನ್ನು ಹೇಳುತ್ತದೆ. ಹೊಸ ನೆಲೆಯಲ್ಲಿ ನೆಲ ಹಂಚಿಕೆಯೂ ಸೌಕರ್ಯಗಳೂ ಪೂರ್ಣವಾಗುವವರೆಗೆ ಯಾರನ್ನೂ ಎಬ್ಬಿಸಬಾರದು ಎಂಬುದು ಒಂದು. ವನ್ಯಜೀವಿಗಳಿಗಾಗಿ ಜನರು ಬಿಟ್ಟುಕೊಟ್ಟ ನೆಲವನ್ನು ಮುಂದೆ ಸರ್ಕಾರವಾಗಲಿ ಮತ್ತಾರೇ ಆಗಲಿ ಬೇರೆ ಉಪಯೋಗಕ್ಕೆ ತಿರುಗಿಸಬಾರದು ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಓದುವಾಗ ಹಳೆಯ ಶಾಸನಗಳ ಕಡೆಯ ಸಾಲುಗಳು ನೆನಪಿಗೆ ಬಾರದಿರವು. ಅಂದು ಶಾಪದಿಂದ ಕಾಯ್ದುದನ್ನು ಇಂದು ಕಲಮಿನಿಂದ ಕಾಯಬೇಕಾಗಿದೆ. ರೈತನು ತನ್ನ ಅಜ್ಜನ ನೆಲವನ್ನು ಹುಲಿಗೆಂದು ಬಿಟ್ಟ ಮೇಲೆ ಅಲ್ಲಿ ಗಣಿಯೋ ವಿಹಾರಧಾಮವೋ ತಲೆಯೆತ್ತಿದರೆ ಹುಲಿಯೂ ರೈತನೂ ಒಟ್ಟಿಗೆ ವಂಚಿತರಾದಂತೆ.

8. ಉಪಸಂಹಾರ

ಹೀಗೆ ವಿಚಾರಿಸಿದಾಗ, ನಶಿಸುತ್ತಿರುವ ಜೀವಿಗಳ ನೆಲೆಯನ್ನು ಉಳಿಸಲು ಮಾಡುವ ಭೂವಿನಿಮಯವು ಧರ್ಮಯುಕ್ತವೋ ಅಲ್ಲವೋ ಎಂದು ತಿಳಿಯಲು ಹಿರಿಯರ ಅದೇ ನಾಲ್ಕು ಅಂಶಗಳು ಇಂದಿಗೂ ಸಾಕಾಗುತ್ತವೆ. ಬಿಟ್ಟವನಿಗೆ ದೊರೆತ ನೆಲ ಅವನ ಬಾಳಿಗೆ ಸಾಕಾಗುವಷ್ಟಿದೆಯೇ? ಅವನ ಕೈಯ ವಿದ್ಯೆಗೆ ಒಗ್ಗುವ ಗುಣ ಅದಕ್ಕಿದೆಯೇ. ಮೃಗಕ್ಕೆ ದೊರೆತ ನೆಲ ಮೃಗಕ್ಕೆ ಬೇಕಾದ ಗುಣದ್ದೇ? ಇಬ್ಬರ ಎಲ್ಲೆಯೂ ಪಹಣಿಯಲ್ಲಿಯೂ ನೆಲದ ಮೇಲೆಯೂ ಒಂದೇ ಆಗಿದೆಯೇ? ನಾಳೆ ಬರುವವರು ಅದನ್ನು ಕಸಿಯದಂತೆ ಕಾಪು ಇದೆಯೇ? ಇವೆಲ್ಲಕ್ಕೂ ಮೊದಲು, ಬಿಡುವವನು ಒಪ್ಪಿ ಬಿಟ್ಟನೇ?

ವಿನಿಮಯದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳೂ ಬಾಯಿಬಿಟ್ಟು ಚೌಕಾಸಿ ಮಾಡುತ್ತವೆ. ಇಲ್ಲಿ ಒಂದು ಪಕ್ಷಕ್ಕೆ ಬಾಯಿಲ್ಲ. ಹುಲಿ ಅರ್ಜಿ ಬರೆಯದು, ಆನೆ ಗ್ರಾಮಸಭೆಗೆ ಬಾರದು. ಅವುಗಳ ಪರವಾಗಿ ಮಾತನಾಡುವ ಸರ್ಕಾರವೇ ನೆಲದ ಬೆಲೆಯನ್ನು ಕಟ್ಟುವ ಅಧಿಕಾರವನ್ನೂ ಹೊಂದಿರುತ್ತದೆ. ಆದುದರಿಂದ ಅದರ ತಕ್ಕಡಿ ಬೇರೆಲ್ಲರ ತಕ್ಕಡಿಗಿಂತ ನೆಟ್ಟಗಿರಬೇಕು. ಬಾಯಿಲ್ಲದವರಿಗೆ ನ್ಯಾಯ ಒದಗಿಸುವಾಗ ಬಡವರಿಗೆ ಅನ್ಯಾಯವಾಗದಂತೆ, ಬಡವರನ್ನು ಮುಂದಿಟ್ಟುಕೊಂಡು ಬಾಯಿಲ್ಲದವರ ನೆಲವನ್ನು ಕಬಳಿಸದಂತೆ ನೋಡಿಕೊಳ್ಳಬೇಕಾದ ಹೊಣೆ ಅದರ ಮೇಲಿದೆ.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಗ್ರಾಮ ಪಂಚಾಯಿತಿಯ ಸದಸ್ಯರಾಗಬಹುದು, ಗ್ರಾಮ ಆಡಳಿತಾಧಿಕಾರಿಗಳಾಗಬಹುದು, ಅರಣ್ಯಾಧಿಕಾರಿಗಳಾಗಬಹುದು, ಜಿಲ್ಲಾಧಿಕಾರಿಯ ಆಸನದಲ್ಲಿಯೂ ಕುಳಿತುಕೊಳ್ಳಬಹುದು. ಅಂದು ನಕ್ಷೆಯೊಂದು ಅವರ ಮೇಜಿನ ಮೇಲೆ ಬಂದು, ಇಲ್ಲಿಯ ಇಷ್ಟು ಎಕರೆಗೆ ಅಲ್ಲಿಯ ಇಷ್ಟು ಎಕರೆ ಎಂಬ ಟಿಪ್ಪಣಿ ಅದರ ಜೊತೆಗಿದ್ದರೆ, ಸಹಿ ಹಾಕುವ ಮೊದಲು ಎರಡೂ ನೆಲಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡುವುದು ಅವರ ಕರ್ತವ್ಯ. ಅಳತೆ ಕಾಗದದ ಮೇಲೆ ತಿಳಿಯುತ್ತದೆ. ಸಾಟಿಯೋ ಅಲ್ಲವೋ ಎಂಬುದು ನೆಲದ ಮೇಲೆ ನಿಂತಾಗ ಮಾತ್ರ ತಿಳಿಯುತ್ತದೆ.